ಅಮ್ಮನನ್ನು ಹೈಪೋಗೆ ಹಾಕಿದ ದಿನ

ಬೀದಿಯವರೆಲ್ಲ ಅವಳನ್ನು ಮೊಟ್ಟೆಯಕ್ಕ ಅಂತಲೇ ಕರೆಯುತ್ತಿದ್ದರು. ಅವಳು ಮೊಟ್ಟೆ ಮಾರುತ್ತಿರಲಿಲ್ಲ, ಕೋಳಿಯನ್ನಂತೂ ಸಾಕಿರಲೇ ಇಲ್ಲ. ಸ್ಟುಡಿಯೋದ ಹಿಂಭಾಗದ ಕತ್ತಲೆಕೋಣೆಯಲ್ಲಿ ಕಪ್ಪು-ಬಿಳುಪು ಫೋಟೋಗಳಿಗೆ ಅವಳು ಕಂದು ಬಣ್ಣ ಏರಿಸುವ ದಿನ ಸಲ್ಫೈಡಿನ ನಾತ ಬೀದಿಯ ಆ ತುದಿಯವರೆಗೂ ಹೋಗುತ್ತಿತ್ತು. ಥೇಟ್ ಕೊಳೆತ ಮೊಟ್ಟೆಯ ನಾತ. ಎದುರಂಗಡಿಯ ದರ್ಜಿ ಮೂಗು ಹಿಡಿದುಕೊಂಡೇ ಕೂಗುತ್ತಿದ್ದ.

“ಏನಕ್ಕಾ, ಇವತ್ತು ಎಷ್ಟು ಒಡೆದೆ?”

“ಎಲ್ಲಾ ಒಡೆದು ಒಂದು ಉಳಿಸಿಟ್ಟಿದೀನಿ, ನಿನ್ನ ತಲೆ ಮೇಲೆ ಒಡೆಯೋಕೆ. ಬಾ ಈ ಕಡೆ!”

ಸಿಟ್ಟಿನವಳು. ಹೌದು, ಸಿಟ್ಟಿನವಳೇ, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ತೂಕದಲ್ಲಿ ಮೋಸ ಮಾಡಿದ ಫೋಟೋ ಔಷಧಿ ಮಾರುವವನನ್ನು ಅವನ ಅಂಗಡಿ ಮುಂದೆಯೇ ನಿಲ್ಲಿಸಿ ನೀರಿಳಿಸಿದ್ದಳು. ಕೆಲಸದ ಹೊತ್ತಿನಲ್ಲಿ ನಲ್ಲಿ ನಿಲ್ಲಿಸಿದ್ದಕ್ಕೆ ನೀರಿನವನಿಗೆ ಅವಳು ಹಾಕಿದ ಹಿಡಿಶಾಪವನ್ನು ಜನ ಇವತ್ತಿಗೂ ನೆನೆಸಿಕೊಂಡು ನಗುತ್ತಾರೆ. ಇಡೀ ಬೀದಿಯನ್ನು ಬಯ್ಯುವ ಆ ಬಾಯಿ ಒಬ್ಬನ ಮುಂದೆ ಮಾತ್ರ ಹೊಲಿದು ಹೋಗುತ್ತಿತ್ತು. ಆ ಒಬ್ಬ ಅವಳ ಅಣ್ಣ. “ಅಣ್ಣ ಹೇಳಿದ ಹಾಗೆ ಕೇಳ್ಕೊಂಡಿರು” ಅಂತ ಅಪ್ಪ ಸಾಯುವಾಗ ಹೇಳಿ ಹೋಗಿದ್ದ, ಇವಳು ಕೇಳಿಕೊಂಡೇ ಇದ್ದಳು. ಆಗ ಇಪ್ಪತ್ತು ವರ್ಷ, ಈಗ ಐವತ್ತೆರಡು.

ಅಪ್ಪ ಸ್ಟುಡಿಯೋವನ್ನು ಇಬ್ಬರಿಗೂ ಬಿಟ್ಟು ಹೋದ ಅಂತ ಹೇಳಿಕೆ. ಹಂಚಿಕೆ ಹೇಗಾಯಿತು ಅಂದರೆ, ಬೋರ್ಡು ಅಣ್ಣನಿಗೆ, ಕತ್ತಲೆ ತಂಗಿಗೆ. ಮುಂದಿನ ಕೋಣೆಯಲ್ಲಿ ಬಣ್ಣದ ಪರದೆ, ದೀಪಗಳು, ಬೆತ್ತದ ಕುರ್ಚಿ, ಗೋಡೆ ತುಂಬ ಚೌಕಟ್ಟು ಹಾಕಿದ ಫೋಟೋ. ಅಲ್ಲಿ ಅಣ್ಣ ಇಸ್ತ್ರಿ ಶರ್ಟು ಹಾಕಿಕೊಂಡು ಬಂದವರನ್ನು ನಗಿಸುತ್ತಿದ್ದ, ಗಲ್ಲ ಎತ್ತಿಸುತ್ತಿದ್ದ, ಗುಂಡಿ ಒತ್ತುತ್ತಿದ್ದ. ಆಮೇಲಿನದೆಲ್ಲ ಇವಳದು. ಆರಡಿ ಅಗಲ, ಒಂಬತ್ತಡಿ ಉದ್ದದ ಕಿಟಕಿಯಿಲ್ಲದ ಕೋಣೆ, ಒಂದು ಕಲ್ಲಿನ ತೊಟ್ಟಿ, ಸಾಲಾಗಿ ತಟ್ಟೆಗಳು, ಒಂದು ಕೆಂಪು ಬಲ್ಬು. ಬಿಳಿ ಕಾಗದವನ್ನು ಡೆವಲಪರಿನಲ್ಲಿ ಅದ್ದಿ ಮುಖ ಬರಿಸುವುದು, ಬಂದ ಮುಖ ಕರಿಯಾಗಿ ಹೋಗದ ಹಾಗೆ ಹೈಪೋದಲ್ಲಿ ಹಾಕಿ ನಿಲ್ಲಿಸುವುದು, ಒಂದೊಂದು ಗಂಟೆ ನೀರಿನಲ್ಲಿ ತೊಳೆಯುವುದು, ಕೇಳಿದವರಿಗೆ ಕಂದು ಬಣ್ಣ, ಹೆಚ್ಚು ಕೊಡುವವರಿಗೆ ಚಿನ್ನದ ದ್ರಾವಣದಲ್ಲಿ ನೀಲಿ ನೆರಳು. ಗಿರಾಕಿ ಫೋಟೋ ನೋಡಿ “ಅಬ್ಬಾ, ಏನು ಕೈ ಸಾರ್ ನಿಮ್ಮದು!” ಅಂದರೆ ಅಣ್ಣ ತಲೆ ಬಾಗಿಸಿ ನಗುತ್ತಿದ್ದ. ಆ ಕೈ ಗೋಡೆಯಾಚೆ ತಣ್ಣೀರಿನಲ್ಲಿ ನೆನೆಯುತ್ತಿತ್ತು.

ಡೆವಲಪರಿನಿಂದ ಅವಳ ಉಗುರುಗಳೆಲ್ಲ ಕಂದಾಗಿದ್ದವು. ಹರೆಯದಲ್ಲಿ ಒಮ್ಮೆ ಹೆಣ್ಣು ನೋಡಲು ಬಂದ ಗಂಡಿನ ತಾಯಿ ಆ ಉಗುರು ನೋಡಿ “ಏನಮ್ಮಾ ಇದು, ಕಾಯಿಲೆಯಾ?” ಅಂದಳು. ಇವಳು “ಅಲ್ಲ, ಸಂಪಾದನೆ” ಅಂದಳು. ಗಂಡಿನವರು ಬಂದ ದಾರಿ ಹಿಡಿದರು. ಹೋದರೆ ಹೋಗಲಿ ಅಂತ ಇವಳು ಅದೇ ಸೀರೆಯಲ್ಲಿ ಒಳಗೆ ಹೋಗಿ ಹದಿನಾರು ಪಾಸ್‌ಪೋರ್ಟ್ ಫೋಟೋ ತೊಳೆದಳು.

ಇನ್ನು ಅಮ್ಮನ ವಿಷಯ. ಕೆಲಸ ಕಲಿಸಿದ್ದು ಅಪ್ಪ ಅಂತ ಎಲ್ಲರೂ ತಿಳಿದಿದ್ದರು. ಕಲಿಸಿದ್ದು ಅಮ್ಮ. ಅಪ್ಪ ಅಚ್ಚು ಹಾಕಿದ್ದನ್ನೆಲ್ಲ ತೊಳೆಯುತ್ತಿದ್ದವಳು ಅವಳೇ. ಸ್ಟೂಲಿನ ಮೇಲೆ ಮಗಳನ್ನು ನಿಲ್ಲಿಸಿ, “ಹೈಪೋ ಕಾಗದದಲ್ಲಿ ಉಳೀತು ಅಂದ್ರೆ ಹತ್ತು ವರ್ಷಕ್ಕೆ ಮುಖ ತಿಂದುಹಾಕುತ್ತೆ. ತೊಳಿ. ಬೆರಳಿಗೆ ಜಾರೋದು ನಿಲ್ಲೋವರೆಗೂ ತೊಳಿ” ಅನ್ನುತ್ತಿದ್ದಳು. ಇವಳಿಗೆ ಹನ್ನೊಂದು ತುಂಬುವ ಹೊತ್ತಿಗೆ ಅಮ್ಮ ಹೋದಳು. ಫೋಟೋಗ್ರಾಫರನ ಹೆಂಡತಿಯ ಫೋಟೋ ಎಷ್ಟಿರಬೇಕು ಹೇಳಿ? ಒಂದು. ಒಂದೇ ಒಂದು. “ನನಗ್ಯಾಕೆ ಪ್ಲೇಟು ದಂಡ ಮಾಡ್ತೀರಿ” ಅಂತ ಅವಳು ಕೂರುತ್ತಲೇ ಇರಲಿಲ್ಲವಂತೆ. ಒಂದು ದಿನ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಾಗ ಅಪ್ಪ ಹೇಳದೆ ಕೇಳದೆ ತೆಗೆದದ್ದು. ಅಮ್ಮ ನಗುತ್ತಿದ್ದಾಳೆ, ಬೇಡ ಅಂತ ಎತ್ತಿದ ಬಲಗೈ ಅಲುಗಿ ಮಸುಕಾಗಿದೆ, ತೋಳು ಒದ್ದೆ. ಆ ಫೋಟೋ ಮುಂದಿನ ಕೋಣೆಯ ಗೋಡೆಯಲ್ಲಿ, ಗಲ್ಲಾದ ಮೇಲೆ, ಅಪ್ಪನೇ ಹೊಡೆದ ಮೊಳೆಗೆ ನೇತಾಡುತ್ತಿತ್ತು.

ಅದರ ನೆಗೆಟಿವ್ ಏನಾಯಿತು ಅಂತೀರಾ? ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅಪ್ಪನ ಕಾಲದ ನೆಗೆಟಿವ್‌ಗಳೆಲ್ಲ ಗಾಜಿನ ಪ್ಲೇಟುಗಳು. ಅಪ್ಪ ಹೋದ ವರ್ಷವೇ ಇವಳು ಮೂರು ದಿನ ಚಿಕ್ಕಮ್ಮನ ಮನೆಗೆ ಹೋಗಿದ್ದಾಗ ಅಣ್ಣ ಆ ಗಾಜುಗಳನ್ನೆಲ್ಲ ಚೌಕಟ್ಟು ಕಟ್ಟುವವನಿಗೆ ಮಾರಿಬಿಟ್ಟ. ಅವನು ಬಿಸಿ ಸೋಡಾ ನೀರಿನಲ್ಲಿ ನೆನೆಸಿ, ಮುಖಗಳನ್ನು ಬ್ಲೇಡಿನಲ್ಲಿ ಹೆರೆದು, ಒಳ್ಳೇ ಗಾಜು ಮಾಡಿಕೊಂಡ. ಅಮ್ಮನ ಪ್ಲೇಟಿನ ಗಾಜು ಯಾರ ಮನೆಯ ಮದುವೆ ಫೋಟೋದ ಮುಂದೆ ಕೂತಿದೆಯೋ. ಇವಳು ಬಂದು ಖಾಲಿ ಕಪಾಟು ನೋಡಿ ಎರಡು ದಿನ ಅನ್ನ ಬಿಟ್ಟಳು. ಮಾತು ಮಾತ್ರ ಆಡಲಿಲ್ಲ.

ಹಾಗಾದರೆ ಉಳಿದ ಒಂದೇ ಫೋಟೋದ ನಕಲನ್ನಾದರೂ ತೆಗೆದಿಟ್ಟುಕೊಳ್ಳಬೇಕಿತ್ತಲ್ಲ? ತೆಗೆದಿಟ್ಟುಕೊಳ್ಳಬೇಕಿತ್ತು. ಇಲ್ಲೇ ನೋಡಿ ಇವಳ ತಪ್ಪು, ಅದನ್ನು ಇವಳೂ ಅಲ್ಲಗಳೆಯುವುದಿಲ್ಲ. ಊರಿನವರ ಸತ್ತ ಅಮ್ಮಂದಿರು, ಅಜ್ಜಿಯಂದಿರು, ಹರಿದ ಫೋಟೋ, ಇಲಿ ಕಡಿದ ಫೋಟೋ ಎಲ್ಲವನ್ನೂ ಕ್ಯಾಮೆರಾ ಕೆಳಗೆ ಮಲಗಿಸಿ ನಕಲು ಮಾಡಿಕೊಟ್ಟವಳು ಸ್ವಂತ ಅಮ್ಮನನ್ನು ನಾಳೆ, ನಾಡಿದ್ದು ಅಂತ ಮುಂದಕ್ಕೆ ಹಾಕುತ್ತಲೇ ಬಂದಳು. ಗಿರಾಕಿ ಕೆಲಸ ಮುಗಿಯಲಿ ಅನ್ನುವುದು, ಮುಗಿಯುವುದಿಲ್ಲ. ಫೋಟೋ ಅಂಚಿನಿಂದ ಹಳದಿಯಾಗುತ್ತಾ ಬರುವುದನ್ನು ದಿನಾ ಕಸ ಗುಡಿಸುವಾಗ ನೋಡುತ್ತಿದ್ದಳು. ಆ ಮಳೆಗಾಲ ಕಳೆದ ಮೇಲೆ ನಿರ್ಧಾರವನ್ನೇ ಮಾಡಿದಳು. ಮೊದಲು ನಕಲು, ಆಮೇಲೆ ಗೋಡೆಯ ಫೋಟೋವನ್ನೇ ಕಂದು ಬಣ್ಣಕ್ಕೆ ತಿರುಗಿಸುವುದು. ಕಂದಾದರೆ ಇನ್ನು ನೂರು ವರ್ಷ ಅಮ್ಮನಿಗೆ ಏನೂ ಆಗುವುದಿಲ್ಲ. ಅಂಥದ್ದೇ ಹಳದಿ ಹಿಡಿದ ಬೇಡದ ಫೋಟೋಗಳನ್ನು ಹುಡುಕಿ ಹನ್ನೆರಡು ಸಲ ಮಾಡಿ ನೋಡಿ ಕೈ ಪಳಗಿಸಿಕೊಂಡಳು. ನಕಲು ಇನ್ನೂ ತೆಗೆದಿರಲಿಲ್ಲ, ಅಷ್ಟರಲ್ಲೇ ಅಣ್ಣನಿಗೂ ಹೇಳಿದಳು. ಹೇಳಿದ್ದೇ ಕೆಟ್ಟದ್ದಾಯಿತು.

ಆಗ ಬಣ್ಣದ ಫೋಟೋ ಮಶೀನುಗಳು ಬಂದು ಕತ್ತಲೆಕೋಣೆಯ ಕೆಲಸ ಇಳಿದಿತ್ತು. ಇಳಿದಂತೆ ಅದಕ್ಕೊಂದು ದೊಡ್ಡಸ್ತಿಕೆಯೂ ಬಂದಿತ್ತು. ಕ್ಯಾಮೆರಾ ಹವ್ಯಾಸದವರ ಸಂಘದ ಅಧ್ಯಕ್ಷರು, ಕುತ್ತಿಗೆಗೆ ಎರಡೆರಡು ಕ್ಯಾಮೆರಾ ನೇತುಹಾಕಿಕೊಂಡೇ ತಿರುಗುವ ಆಸಾಮಿ, ಒಂದು ದಿನ ಬಂದು, “ಹಳೇ ಕಾಲದ ಹಾಗೆ ಫೋಟೋಗೆ ಬಣ್ಣ ಏರಿಸೋದನ್ನ ನೀವು ನಮ್ಮ ಸದಸ್ಯರಿಗೆ ತೋರಿಸಬೇಕು ಸಾರ್. ಇದು ಬಲ್ಲವರು ನೀವೊಬ್ಬರೇ ಉಳಿದಿರೋದು” ಅಂದರು. ಅಣ್ಣ ಬಾಗಿಲ ಕಡೆ ಕಣ್ಣು ಹಾಯಿಸಿದ. ತಂಗಿ ಬಾಗಿಲ ಸಂದಿಯಲ್ಲೇ ನಿಂತಿದ್ದಳು. “ಅಯ್ಯೋ, ಅದಕ್ಕೇನಂತೆ, ಬನ್ನಿ” ಅಂದ.

ಅವರು ಹೋದ ಮೇಲೆ ಇವಳು ಮೆಲ್ಲಗೆ, “ನಾನು ತೋರಿಸಲಾ?” ಅಂದಳು.

“ನಿನ್ನ ಹತ್ರ ಮಾತಾಡೋಕೆ ಬರುತ್ತಾ? ದೊಡ್ಡ ದೊಡ್ಡವರು ಬರ್ತಾರೆ. ನೀನು ಎಲ್ಲ ಕಲಸಿಡು, ಹೇಗೆ ಅಂತ ಹೇಳಿಕೊಡು, ಸಾಕು.”

ಹೇಳಿಕೊಟ್ಟಳು. ತಟ್ಟೆಗಳನ್ನು ಸಾಲಾಗಿ ಇಟ್ಟು, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ಮೊದಲನೇದು ಹಳದಿ ದ್ರಾವಣ, ಬ್ಲೀಚು. ಅದರಲ್ಲಿ ಚಿತ್ರ ಮಸುಕಾಗಿ, ಒಣಹುಲ್ಲಿನ ಬಣ್ಣಕ್ಕೆ ಬರುತ್ತೆ, ಹೋಯಿತು ಅಂತ ಗಾಬರಿ ಬೀಳಬೇಡ. ಎರಡನೇದು ಬರೀ ನೀರು. ಮೂರನೇದು ಸಲ್ಫೈಡು, ಹೋದ ಚಿತ್ರ ಕಂದಾಗಿ ಎದ್ದು ಬರೋದು ಅಲ್ಲಿ. ಬಿಳಿ ಲೈಟೇ ಹಾಕ್ಕೋ, ಇದಕ್ಕೆ ಕತ್ತಲೆ ಬೇಡ. ತೊಟ್ಟಿಯ ಆ ಕೊನೇಲಿ ಇರೋದು ಹೈಪೋ, ಸಂಜೆ ಅಚ್ಚಿಗೆ ಇಟ್ಟಿದೀನಿ, ಅದರ ತಂಟೆಗೆ ಹೋಗಬೇಡ. ಅಣ್ಣ “ಹ್ಞೂ ಹ್ಞೂ” ಅನ್ನುತ್ತಾ ಶರ್ಟಿನ ತೋಳು ಮಡಚಿ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದ. ತೋರಿಸಲಿಕ್ಕೆ ಅಂತ ಒಂದು ಸೇತುವೆಯ ಫೋಟೋವನ್ನು ಇವಳೇ ಅಚ್ಚು ಹಾಕಿ, ತೊಳೆದು, ಇಟ್ಟಿದ್ದಳು. ಹಾಳಾದರೆ ಇರಲಿ ಅಂತ ಒಂದಲ್ಲ, ಎಂಟು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದವರು ಬಂದರು, ಏಳು ಜನ. ಅಣ್ಣ ತಂಗಿಯ ಕಡೆ ತಿರುಗಿ, “ಒಳಗೆ ಜಾಗ ಸಾಲಲ್ಲ. ನೀನು ಅತ್ತಿಗೆ ಜೊತೆ ಚಹಾ ನೋಡ್ಕೋ” ಅಂದ. ಅವಳ ಕೋಣೆ! ಅವಳು ನಲವತ್ತು ವರ್ಷ ನಿಂತ ಕೋಣೆಯಲ್ಲಿ ಅವಳಿಗೆ ಜಾಗ ಸಾಲಲ್ಲ. ಅಡುಗೆಮನೆಗೆ ಹೋಗಿ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದಳು.

“ಪಾತ್ರೆ ಏನು ಮಾಡ್ತು ನಿಂಗೆ?” ಅಂದಳು ಅತ್ತಿಗೆ. ಅಣ್ಣನ ಹೆಂಡತಿ ಒಳ್ಳೆಯವಳು. ಮೂವತ್ತು ವರ್ಷದಿಂದ ಗಂಡನ ಬಡಾಯಿ ಕೇಳಿ ಕೇಳಿ ಸುಸ್ತಾಗಿದ್ದಳು, ಅಷ್ಟೇ.

ಚಹಾ ಲೋಟಗಳ ತಟ್ಟೆ ಹಿಡಿದು ಇವಳು ನಡುಹಾದಿಗೆ ಬಂದಾಗ ಕಾಲಿಗೆ ಏನೋ ತಗುಲಿತು. ನೋಡಿದರೆ ಸಲ್ಫೈಡಿನ ತಟ್ಟೆ. ಕತ್ತಲೆಕೋಣೆಯ ಹೊರಗೆ, ನೆಲದ ಮೇಲೆ, ಮೇಲೊಂದು ಹಳೇ ಪೇಪರು ಮುಚ್ಚಿ. ದೊಡ್ಡವರ ಮೂಗಿಗೆ ನಾತ ಹೊಡೆದೀತು ಅಂತ ಹೊರಗಿಟ್ಟಿದ್ದಾನೆ ಮಹಾಶಯ, ಬೇಕಾದಾಗ ಒಳಗೆ ತರಿಸಿದರಾಯಿತು ಅಂತ. ಒಳಗೆ ಕೆಂಪು ಬಲ್ಬು ಹಾಕಿದರೆ ಹೊತ್ತಿಕೊಳ್ಳುವ ಬಾಗಿಲ ಮೇಲಿನ ಕೆಂಪು ದೀಪ ಬೇರೆ ಉರಿಯುತ್ತಿತ್ತು. ಕತ್ತಲೆ ಬೇಡ ಅಂತ ಹೇಳಿದ್ದರೂ, ನೋಡುವವರಿಗೆ ಮಜಾ ಬರಲಿ ಅಂತ ಒಳಗೂ ಕೆಂಪು ದೀಪವನ್ನೇ ಹಾಕಿಕೊಂಡಿದ್ದಾನೆ. ಕೆಂಪು ಬೆಳಕಿನಲ್ಲಿ ಒಣಹುಲ್ಲಿನ ಬಣ್ಣ ಎಲ್ಲಿ ಕಾಣಬೇಕು? ಕಾಗದ ಪೂರ್ತಿ ಬಿಳಿಯಾಗಿ ಹೋದ ಹಾಗೇ ಕಾಣುತ್ತದೆ. ಸೇತುವೆ ತಾನೇ, ಇನ್ನೂ ಏಳು ಇವೆ, ಹಾಳಾಗಿ ಹೋಗಲಿ, ಮರ್ಯಾದೆ ಹೋಗೋದು ಅವನದು, ಅಂದುಕೊಂಡಳು. ಸುಳ್ಳು ಯಾಕೆ, ಒಂದಿಷ್ಟು ಖುಷಿಯೂ ಆಯಿತು.

ಆಗ ಒಳಗಿನಿಂದ ಅಣ್ಣನ ದನಿ ಕೇಳಿತು.

“ಇದು ಸುಮ್ಮನೆ ಯಾವುದೋ ಫೋಟೋ ಅಲ್ಲ ಸ್ನೇಹಿತರೇ. ಸೇತುವೆ ಗೀತುವೆ ಯಾರು ಬೇಕಾದರೂ ತೋರಿಸ್ತಾರೆ. ಇದು ನಮ್ಮ ತಂದೆಯವರ ಕೈಯ ಅಚ್ಚು, ನಮ್ಮ ತಾಯಿಯವರದು. ಹಳದಿಯಾಗಿತ್ತು. ನಿಮ್ಮ ಕಣ್ಣ ಮುಂದೆ ಇವತ್ತು ಹೊಸದಾಗುತ್ತೆ.”

ಅವಳು ಮುಂದಿನ ಕೋಣೆಯ ಕಡೆ ಕತ್ತು ಹೊರಳಿಸಿದಳು. ಗಲ್ಲಾದ ಮೇಲೆ ಬರೀ ಮೊಳೆ. ಬಿಚ್ಚಿದ ಚೌಕಟ್ಟು ಬೆತ್ತದ ಕುರ್ಚಿಯ ಮೇಲೆ ಬಿದ್ದಿತ್ತು. ಚಹಾದ ತಟ್ಟೆಯನ್ನು ಎಲ್ಲಿಟ್ಟಳೋ ಅವಳಿಗೇ ನೆನಪಿಲ್ಲ. ಬಾಗಿಲಿಗೆ ಹಾರಿದಳು. ಹಾರಿದವಳು ಏನು ಮಾಡಿದಳು ಗೊತ್ತೇ?

ತಟ್ಟಿದಳು.

ಎಂಟು ವರ್ಷದವಳಿದ್ದಾಗ ಒಮ್ಮೆ ತಟ್ಟದೆ ಬಾಗಿಲು ತೆಗೆದು ಒಂದು ಪೆಟ್ಟಿಗೆ ಕಾಗದವನ್ನು ಕರಿಯಾಗಿಸಿ ಅಪ್ಪನಿಂದ ಬಾರಿಸಿಕೊಂಡಿದ್ದಳು. ಆವತ್ತಿನಿಂದ ಒಂದೇ ಒಂದು ಸಲವೂ, ಕೆಂಪು ದೀಪ ಉರಿಯುವಾಗ ಆ ಚಿಲಕಕ್ಕೆ ಕೈ ಹಾಕಿದವಳಲ್ಲ. ತಟ್ಟಬೇಕು, ಒಳಗಿನವರು “ಬಾ” ಅನ್ನುವವರೆಗೆ ನಿಲ್ಲಬೇಕು. ಬಣ್ಣ ಏರಿಸುವುದಕ್ಕೆ ಕತ್ತಲೆ ಬೇಡ, ಬಾಗಿಲನ್ನು ಹಾರುಹೊಡೆದರೂ ಏನೂ ಕೆಡುವುದಿಲ್ಲ ಅಂತ ಅಣ್ಣನಿಗೆ ಹೇಳಿಕೊಟ್ಟಿದ್ದವಳೇ ಅವಳು. ಆದರೂ ಕೈ ತಟ್ಟಿತು, ತಟ್ಟಿ ಕೆಳಗಿಳಿಯಿತು.

“ಅಣ್ಣಾ!”

“ತಾಳು, ಕೆಲಸ ನಡೀತಿದೆ.”

ತಾಳಿದಳು. ಎಷ್ಟು ಹೊತ್ತು? ಅರ್ಧ ನಿಮಿಷ ಇರಬಹುದು, ಹೆಚ್ಚಿಲ್ಲ. ಒಳಗೆ ಯಾರೋ, “ಸಾರ್, ಪೂರ್ತಿ ಹೋಗ್ಬಿಡ್ತಲ್ಲ?” ಅಂದರು. ಅಣ್ಣ ನಕ್ಕ, ಆ ನಗು ಒಣಗಿತ್ತು. “ಹಾಂ... ಹೋಗುತ್ತೆ. ಇದನ್ನ ಈಗ ಇಲ್ಲಿಗೇ ನಿಲ್ಲಿಸಬೇಕು. ನಿಲ್ಲಿಸೋಕೆ ಇರೋದೇ ಹೈಪೋ. ನಮ್ಮ ತಂದೆಯವರು ಹೇಳೋರು, ಏನೇ ಮಾಡಿದರೂ ಕೊನೆಗೆ ಹೈಪೋ ಅಂತ.”

“ಹೈಪೋಗಲ್ಲ ಅಣ್ಣಾ! ನೀರಿಗೆ ಹಾಕು! ನೀರಿಗೆ!” ಅಂತ ಅವಳು ಕಿರುಚಿದಳು.

“ನನ್ನ ತಂಗಿ,” ಅಂದ ಅಣ್ಣ ಒಳಗಿನವರಿಗೆ. “ಸ್ವಲ್ಪ ಗಾಬರಿ ಜಾಸ್ತಿ.” ಒಂದಿಬ್ಬರು ನಕ್ಕರು.

ಆ ನಗು ಕೇಳಿದ ಮೇಲೆ ಚಿಲಕ ಕಿತ್ತು ಬಂತೋ, ಬಾಗಿಲು ತಾನಾಗಿ ತೆರೆಯಿತೋ. ಒಳಗೆ ನುಗ್ಗಿ ಬಿಳಿ ಲೈಟು ಹಾಕಿದಳು. ಯಾರದೋ ಕ್ಯಾಮೆರಾ ಗೋಡೆಗೆ ಬಡಿಯಿತು. ಹೈಪೋ ತಟ್ಟೆಯ ತಳದಲ್ಲಿ ಕಾಗದ ಮುಖ ಮೇಲಾಗಿ ಮಲಗಿತ್ತು. ಎಡ ಮೂಲೆಯಲ್ಲಿ ಮೆಟ್ಟಿಲಿನ ಅಂಚು ಇನ್ನೂ ಒಂದು ಗೆರೆಯಷ್ಟು ಕಾಣುತ್ತಿತ್ತು. ಕೈ ಹಾಕಿ ಎತ್ತಿದಳು. ಎತ್ತುತ್ತಿರುವಾಗಲೇ ಅದೂ ಹೋಯಿತು.

ಅವಳ ಮೊಣಕೈಯಿಂದ ಹೈಪೋ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅಣ್ಣ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. ಆಮೇಲೆ ಬಾಯಿ ತೆಗೆದ. ಅವನು ಆಗ ಬಾಯಿ ತೆಗೆಯದೆ ಇದ್ದಿದ್ದರೆ, ಅಳುತ್ತಾ ಕೂತಿದ್ದಿದ್ದರೆ, ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ.

“ಬ್ಲೀಚು ಜಾಸ್ತಿ ಹಾಕ್ಬಿಟ್ಟಿದಾಳೆ ಸಾರ್,” ಅಂದ. “ಸುಟ್ಟೇ ಹೋಯ್ತು. ಎಲ್ಲಾ ನಾನೇ ಕಲಸಬೇಕಿತ್ತು. ಹೆಂಗಸರ ಕೈಗೆ ಬಿಟ್ಟರೆ ಹೀಗೇ.”

ಸಿಟ್ಟು ನೆತ್ತಿಗೇರಿತು ಅನ್ನುತ್ತಾರಲ್ಲ, ಅವಳಿಗೆ ಆದದ್ದು ಅದಲ್ಲ. ಮೂವತ್ತೆರಡು ವರ್ಷದ ಸಿಟ್ಟು ನೆತ್ತಿಯಲ್ಲೇ ಕೂತಿತ್ತು, ಈಗ ಕೆಳಗಿಳಿದು ಬಾಯಿಗೆ ಬಂತು.

“ಏನಂದೆ? ಇನ್ನೊಂದು ಸಲ ಅನ್ನು. ನನ್ನ ಬ್ಲೀಚು ಸುಡ್ತಾ? ಬ್ಲೀಚಲ್ಲಿ ಫೋಟೋ ಎಲ್ಲಿಗೂ ಹೋಗಲ್ಲ, ಕಾಗದದಲ್ಲೇ ಮಸುಕಾಗಿ ಕೂತಿರುತ್ತೆ. ಸಲ್ಫೈಡಿಗೆ ಹಾಕಿದ್ರೆ ಒಂದು ನಿಮಿಷಕ್ಕೆ ಎದ್ದು ಬರ್ತಿದ್ಲು ಅಮ್ಮ. ಹೈಪೋ ಅದನ್ನ ಕರಗಿಸಿ ಕುಡಿದುಬಿಡುತ್ತೆ. ಈ ಬೋರ್ಡಿನ ಕೆಳಗೆ ಹೆಸರು ಬರೆಸ್ಕೊಂಡಿದೀಯಲ್ಲ, ಇಷ್ಟು ಗೊತ್ತಿಲ್ವಾ ನಿಂಗೆ? ಸಲ್ಫೈಡ್ ಎಲ್ಲಿ, ಹೇಳು ಇವರಿಗೆ. ಗಬ್ಬು ನಾತ ಅಂತ ಹೊರಗಿಟ್ಟು, ಸೇತುವೆ ಕೊಟ್ಟರೆ ಸೇತುವೆ ಬಿಟ್ಟು, ನನ್ನನ್ನ ಚಹಾ ಕಾಸೋಕೆ ಕಳಿಸಿ, ಗೋಡೇಲಿದ್ದ ಅಮ್ಮನ್ನ ಕಿತ್ಕೊಂಡು ಬಂದು ಕೊಂದುಹಾಕ್ದೆ. ಮೊದಲು ಗಾಜು ಮಾರ್ದೆ, ಸುಮ್ಮನಿದ್ದೆ. ಈಗ ಕಾಗದಾನೂ ತೊಳೆದುಬಿಟ್ಟೆ. ಅಮ್ಮನ ಮುಖ ಇನ್ನು ಯಾರ ಹತ್ರ ಇದೆ ಹೇಳು? ನಾನು ಸತ್ತರೆ ಅದೂ ಮುಗೀತು!”

ಅಧ್ಯಕ್ಷರು ಕೆಮ್ಮಿ, “ಹೋಗ್ಲಿ ಬಿಡಿಮ್ಮಾ, ಸಮಾಧಾನ ಮಾಡ್ಕೊಳ್ಳಿ. ಹೇಗೂ ಮಾಸಿದ ಫೋಟೋ” ಅಂದರು.

“ಹೇಗೂ ಮಾಸಿದ್ದು? ನಿಮ್ಮ ತಾಯಿಗೂ ಹೇಗೂ ವಯಸ್ಸಾಗಿರುತ್ತೆ, ಬಾವಿಗೆ ಹಾಕ್ತೀರಾ?”

ಅಧ್ಯಕ್ಷರು ಎರಡೂ ಕ್ಯಾಮೆರಾ ಸರಿಮಾಡಿಕೊಂಡು ಹೊರಟರು. ಉಳಿದವರು ಗೋಡೆ ಹಿಡಿದುಕೊಂಡು ಹಿಂಬಾಲಿಸಿದರು. ಒಬ್ಬನ ಕಾಲು ಸಲ್ಫೈಡ್ ತಟ್ಟೆಯೊಳಗೇ ಹೋಯಿತು. ನಡುಹಾದಿಯೆಲ್ಲ ನಾತವೋ ನಾತ.

ಅವರು ಹೋದ ಮೇಲೆ ಅಣ್ಣನಿಗೂ ಧೈರ್ಯ ಬಂತು. “ನಾಲ್ಕು ಜನರ ಮುಂದೆ ನನ್ನ ಮಾನ ಕಳೆದೆಯಲ್ಲ! ಅಷ್ಟು ಗೊತ್ತಿದ್ದೋಳು ಬಾಗಿಲು ತೆಗೀಬೇಕಿತ್ತು. ಹೊರಗೆ ನಿಂತ್ಕೊಂಡು ತಟ್ತಾ ಇದ್ದೆಯಲ್ಲ, ಯಾಕೆ?”

ಅವನು ಆ ದಿನ ಆಡಿದ ಮಾತಿನಲ್ಲಿ ನಿಜವಾದದ್ದು ಇದೊಂದೇ, ಅದು ನೆಟ್ಟಗೆ ಹೋಗಿ ನಾಟಿತು. ಅವಳು ಅವನನ್ನು ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಅತ್ತಿಗೆ ಬಾಗಿಲು ತಳ್ಳಿ ನೋಡಿದಳು. ನಾದಿನಿ ತೊಟ್ಟಿಯ ಮುಂದೆ ನಿಂತು ನಲ್ಲಿ ಬಿಟ್ಟು ಆ ಕಾಗದವನ್ನು ತೊಳೆಯುತ್ತಿದ್ದಳು. ನೀರು ತುಂಬಿಸುವುದು, ಚೆಲ್ಲುವುದು, ತಿರುಗಿಸಿ ಹಾಕುವುದು.

“ಏನೇ ಇದು? ಬಿಳಿ ಕಾಗದ ಕಣೇ ಅದು. ಯಾಕೆ ತೊಳೀತೀಯ?”

“ಹೈಪೋದಿಂದ ಬಂದ ಕಾಗದ ತೊಳೀಲೇಬೇಕು ಅತ್ತಿಗೆ.”

“ಅದರಲ್ಲಿ ಏನಿದೆ ಇನ್ನು?”

“ನಾನು ಯಾಕೆ ತಟ್ಟಿದೆ ಅತ್ತಿಗೆ? ನಂಗೆ ಗೊತ್ತಿತ್ತು. ನಂಗೆ ಗೊತ್ತಿತ್ತಲ್ಲ, ಬಾಗಿಲು ತೆಗೆದರೂ ಏನೂ ಆಗಲ್ಲ ಅಂತ.” ಆಗ ಅವಳು ಅತ್ತಳು. ಅಳುತ್ತಲೇ ನೀರು ಬದಲಾಯಿಸಿದಳು. ಅತ್ತಿಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಕ್ಕದಲ್ಲಿ ನಿಂತು ನೀರು ಹೊಯ್ದಳು. ಒಂದು ಗಂಟೆ ಆಯಿತು.

ಮರುದಿನ ಕಾಗದ ಒಣಗಿತು. ಅವಳು ಅದನ್ನು ಭಾರದಡಿ ಇಟ್ಟು ನೇರ ಮಾಡಿ, ಅಪ್ಪನ ಚೌಕಟ್ಟಿಗೇ ಹಾಕಿ, ಗಾಜು ಒರೆಸಿ, ಗಲ್ಲಾದ ಮೇಲಿನ ಅದೇ ಮೊಳೆಗೆ ತೂಗಿದಳು. ಎರಡು ಹೆಜ್ಜೆ ಹಿಂದೆ ಸರಿದು ಸೊಟ್ಟಗಿದೆಯಾ ಅಂತಲೂ ನೋಡಿದಳು.

ಅಣ್ಣ ಬಂದವನು ದಂಗಾಗಿ ನಿಂತ. “ತೆಗಿ ಅದನ್ನ. ಜನ ಏನಂತಾರೆ?”

“ಏನಂತಾರೋ ಅದನ್ನೇ ಕೇಳಬೇಕು ನೀನು.”

“ತಲೆ ಕೆಟ್ಟಿದೆಯಾ? ತೆಗೀತೀಯೋ ಇಲ್ವೋ?”

“ನೀನು ಮುಟ್ಟಿದ್ರೆ ನಾನು ಕತ್ತಲೆಕೋಣೆಗೆ ಕಾಲಿಡಲ್ಲ. ನಾಳೆಯಿಂದ ನೀನೇ ಅಚ್ಚು ಹಾಕು, ನೀನೇ ತೊಳಿ. ಕೊನೆಗೆ ಹೈಪೋ ಅಂತ ಗೊತ್ತಿದೆಯಲ್ಲ, ಸಾಕಲ್ಲ? ಯಾರಾದ್ರೂ ಇದೇನು ಅಂತ ಕೇಳಿದ್ರೆ ನಿಜ ಹೇಳು. ನಾನು ಒಳಗಿಂದ ಕೇಳ್ತಾ ಇರ್ತೀನಿ. ಸುಳ್ಳು ಹೇಳಿದ್ರೆ ಹೊರಗೆ ಬಂದು ನಾನೇ ಹೇಳ್ತೀನಿ, ನಿನ್ನೆ ಹೇಳಿದ ಹಾಗೇ.”

ಅಣ್ಣ ಹೆಂಡತಿಯ ಕಡೆ ನೋಡಿದ. ಅತ್ತಿಗೆ ಕಸಪೊರಕೆ ಎತ್ತಿಕೊಂಡು ಒಳಗೆ ಹೋದಳು.

ಮೊದಲ ಎರಡು ದಿನ ಬಂದವರು ಕೇಳಲಿಲ್ಲ, ಕೇಳುವ ಮೊದಲೇ ಅಣ್ಣ ಅವರನ್ನು ಪರದೆಯ ಮುಂದೆ ಕೂರಿಸಿಬಿಡುತ್ತಿದ್ದ. ಮೂರನೆಯ ದಿನ ಒಬ್ಬ ನಡುವಯಸ್ಸಿನ ಹೆಂಗಸು ಬಂದಳು, ಆಸ್ಪತ್ರೆಯ ನರ್ಸು, ಕೆಲಸದ ಬಟ್ಟೆಯಲ್ಲೇ ಇದ್ದಳು. ಚೀಲದಿಂದ ಪೇಪರಿನಲ್ಲಿ ಸುತ್ತಿದ ಒಂದು ಹಳೇ ಫೋಟೋ ತೆಗೆದಳು. ಅವಳ ಅಮ್ಮನದು, ಒಂದೇ ಇರೋದು, ಹಾಳಾಗದ ಹಾಗೆ ಕಂದು ಮಾಡಿಕೊಡ್ತೀರಂತಲ್ಲ ಅಂದಳು. ಕೊಡುತ್ತಾ ಕೊಡುತ್ತಾ ಕಣ್ಣು ಗೋಡೆಗೆ ಹೋಯಿತು.

“ಅದೇನು ಸಾರ್, ಖಾಲಿ ಕಾಗದಕ್ಕೆ ಚೌಕಟ್ಟು?”

ಒಳಗೆ ನಲ್ಲಿ ನಿಂತಿತು.

ಅಣ್ಣ ಗಲ್ಲಾದ ಮೇಲಿನ ಪೆನ್ನು ಎತ್ತಿದ, ಇಟ್ಟ. “ಅದು... ನಮ್ಮ ತಾಯಿ.”

“ಏನೂ ಕಾಣ್ತಿಲ್ವಲ್ಲ?”

ನರ್ಸು ಕಾಯುತ್ತಿದ್ದಳು, ಹುಷಾರಿಲ್ಲದವರು ಎಲ್ಲಿ ನೋಯುತ್ತೆ ಅಂತ ಹೇಳುವವರೆಗೆ ಕಾದು ಅವಳಿಗೆ ಅಭ್ಯಾಸ.

“ನಾನು ಹಾಳು ಮಾಡ್ದೆ,” ಅಂದ ಅಣ್ಣ ಕೊನೆಗೆ. “ಬಣ್ಣ ಏರಿಸೋಕೆ ಹೋಗಿ ಹೈಪೋಗೆ ಹಾಕ್ಬಿಟ್ಟೆ. ನನಗೆ ಆ ಕೆಲಸ ಬರಲ್ಲಮ್ಮ. ಯಾವತ್ತೂ ಬರ್ತಿರಲಿಲ್ಲ. ಮಾಡೋಳು ನನ್ನ ತಂಗಿ.”

ನರ್ಸು ಅವನ ಕೈಯಲ್ಲಿದ್ದ ಫೋಟೋವನ್ನು ಮೆಲ್ಲಗೆ ವಾಪಸು ಎಳೆದುಕೊಂಡಳು. “ಹಾಗಾದ್ರೆ ಅವರನ್ನ ಕರೀರಿ. ಅವರ ಕೈಗೇ ಕೊಡ್ತೀನಿ.”

ತಂಗಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿ ನೋಡಿದಳು. ಮುಖ ಚೆನ್ನಾಗಿದೆ, ಅಂಚು ಹೋಗಿದೆ. ಶನಿವಾರ ಬನ್ನಿ ಅಂದಳು. ನರ್ಸು “ಜೋಪಾನ” ಅಂತ ಎರಡು ಸಲ ಹೇಳಿ ಹೋದಳು.

ಅಣ್ಣ ಕುರ್ಚಿಗೆ ಒರಗಿ ಉಸಿರುಬಿಟ್ಟ. ಅವನ ಮುಖ ಇಳಿದುಹೋಗಿತ್ತು, ಕಣ್ಣು ಒದ್ದೆಯಾಗಿತ್ತು. ಬೇರೆ ಯಾರಾದರೂ ನೋಡಿದ್ದರೆ ಪಾಪ ಅನ್ನುತ್ತಿದ್ದರು.

“ಹೇಳ್ದೆನಲ್ಲ,” ಅಂದ. “ನಿಜಾನೇ ಹೇಳ್ದೆ. ಕೇಳಿಸ್ಕೊಂಡೆಯಲ್ಲ? ಇನ್ನಾದ್ರೂ ತೆಗಿ ಅದನ್ನ. ನನ್ನ ಕೈಲಿ ನೋಡೋಕಾಗ್ತಿಲ್ಲ. ಹೊಟ್ಟೆಗೆ ಹಾಕ್ಕೋ ತಂಗಿ.”

ತಂಗಿ ಅಂತ ಅವನು ಕರೆದದ್ದು ಎಷ್ಟು ವರ್ಷದ ಮೇಲೋ. ಅವಳು ನರ್ಸಿನ ಅಮ್ಮನನ್ನು ಎದೆಗವಚಿಕೊಂಡು ಗೋಡೆಯ ಕಡೆ ಒಮ್ಮೆ ನೋಡಿದಳು.

“ಒಬ್ಬರಿಗೆ ಹೇಳಿದೀಯ ಅಣ್ಣಾ,” ಅಂದಳು. “ಇನ್ನೂ ಬರ್ತಾರೆ.”

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.